ಇಪ್ಪತ್ಮೂರು ವರ್ಷ ತಡವಾಗಿ ಬಂದ ಪದಕ

ಊರಿನಿಂದ ಬೆಂಗಳೂರಿಗೆ ಬರುವಾಗ ಮಡಿಕೇರಿ ದಾರಿ ಹಿಡಿದವರಿಗೆ ಅಲ್ಲಿನ ಖಾಸಗಿ ಬಸ್ ನಿಲ್ದಾಣದ ಹತ್ತಿರದ ವೃತ್ತ ಗೊತ್ತಿರುತ್ತದೆ. ಚಾ ಕುಡಿಯಲು ಇಳಿದವರು, ಬಸ್ಸು ಬದಲಿಸಲು ಇಳಿದವರು ಅಲ್ಲಿರುವ ಪ್ರತಿಮೆಯ ಕೆಳಗೇ ಬ್ಯಾಗು ಹಿಡಿದು ನಿಂತಿರುತ್ತಾರೆ. ಅದು ಯಾರದ್ದು ಅಂತ ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಕಾರ್ಯಪ್ಪ ಅನ್ನುತ್ತಾರೆ, ಇಲ್ಲವೇ ತಿಮ್ಮಯ್ಯ ಅನ್ನುತ್ತಾರೆ. ಎರಡೂ ಅಲ್ಲ. ಅದು ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರದ್ದು. 2025ರ ಜನವರಿಯಲ್ಲಿ ಬಂದ ‘ಸ್ಕೈ ಫೋರ್ಸ್’ ಎಂಬ ಹಿಂದಿ ಸಿನಿಮಾ ಇದೇ ದೇವಯ್ಯನವರ ಕಥೆಯನ್ನು ಆಧರಿಸಿದ್ದು ಅಂತ ಬಹಳ ಜನರಿಗೆ ಗೊತ್ತಿಲ್ಲ, ಯಾಕೆಂದರೆ ಸಿನಿಮಾದಲ್ಲಿ ಹೆಸರು ಬೇರೆ ಇಟ್ಟಿದ್ದಾರೆ.

ನಾವು ಆ ಕಥೆಯನ್ನು ಇಲ್ಲಿ ಬರೆಯಲು ಕಾರಣ ಸಿನಿಮಾ ಅಲ್ಲ. ಯುದ್ಧದಲ್ಲಿ ಕಾಣೆಯಾದವನಿಗೆ, ಶತ್ರುವಿನ ಕೈಗೆ ಸಿಕ್ಕಿ ಸೆರೆಯಾದವನಿಗೆ ಪದಕ ಯಾಕೆ ಸಿಗುವುದಿಲ್ಲ, ಸಿಕ್ಕಿದರೂ ಯಾಕೆ ಇಷ್ಟು ತಡವಾಗುತ್ತದೆ ಎಂಬ ಪ್ರಶ್ನೆ ಇಲ್ಲಿ ಚಿಕ್ಕಲಸಂದ್ರದಲ್ಲಿ ಹಿರಿಯರೊಬ್ಬರ ಜೊತೆ ಮಾತಾಡುವಾಗ ಎದ್ದಿತು. ಅವರ ವಿಷಯಕ್ಕೆ ಆಮೇಲೆ ಬರೋಣ.

ಮೊದಲು ದೇವಯ್ಯ. ಹುಟ್ಟಿದ್ದು 1932ರಲ್ಲಿ, ಕೊಡಗಿನಲ್ಲಿ. 1965ರ ಸೆಪ್ಟೆಂಬರ್ 7ರ ಬೆಳಗಿನ ಜಾವ ವಾಯುಪಡೆಯ ಒಂದನೇ ಸ್ಕ್ವಾಡ್ರನ್ ಪಂಜಾಬಿನ ಆದಂಪುರದಿಂದ ಹೊರಟು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿ ಮಾಡಿತು. ಪಾಕಿಸ್ತಾನದಲ್ಲಿ ಅದಕ್ಕಿಂತ ಬಿಗಿ ಕಾವಲಿನ ನೆಲೆ ಇನ್ನೊಂದಿರಲಿಲ್ಲ. ದಾಳಿಗೆ ಹನ್ನೆರಡು ಮಿಸ್ಟೇರ್ ವಿಮಾನಗಳು, ನಾಯಕ ವಿಂಗ್ ಕಮಾಂಡರ್ ಓ.ಪಿ. ತನೇಜ. ದೇವಯ್ಯ ಆ ಹನ್ನೆರಡರಲ್ಲಿ ಇರಲೇ ಇಲ್ಲ. ಅವರನ್ನು ಬದಲಿಯಾಗಿ ಇಟ್ಟಿದ್ದರು, ಯಾವುದಾದರೂ ವಿಮಾನ ಕೈಕೊಟ್ಟರೆ ಮಾತ್ರ ಹೋಗಬೇಕು ಅಂತ. ಒಂದು ಕೈಕೊಟ್ಟಿತು. ದೇವಯ್ಯ ಸಾಲಿನ ಕೊನೆಗೆ ಸೇರಿಕೊಂಡರು.

ಹಿಂತಿರುಗುವಾಗ ಅವರ ಬೆನ್ನಿಗೆ ಬಿದ್ದದ್ದು ಪಾಕಿಸ್ತಾನದ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಹಾರಿಸುತ್ತಿದ್ದ ಸ್ಟಾರ್‌ಫೈಟರ್. ಅದು ಶಬ್ದದ ಎರಡರಷ್ಟು ವೇಗದಲ್ಲಿ ಹೋಗಬಲ್ಲ ಅಮೆರಿಕದ ವಿಮಾನ. ಮಿಸ್ಟೇರ್ ಅದರ ಮುಂದೆ ಹಳೆಯದು, ನಿಧಾನದ್ದು. ಬುಲೆಟ್ ಕಾರಿನ ಹಿಂದೆ ಬಿದ್ದ ಆಟೋರಿಕ್ಷಾ ಅಂದುಕೊಳ್ಳಿ, ಇಲ್ಲಿ ಮಾತ್ರ ಕಾರು ರಿಕ್ಷಾದ ಹಿಂದೆ. ದೇವಯ್ಯನವರ ವಿಮಾನಕ್ಕೆ ಪೆಟ್ಟು ಬಿತ್ತು. ಅವರು ಓಡಿ ಹೋಗಲಿಲ್ಲ, ಪೆಟ್ಟು ತಿಂದ ವಿಮಾನದಲ್ಲೇ ತಿರುಗಿ ನಿಂತರು. ಸ್ಟಾರ್‌ಫೈಟರ್ ಉರುಳಿತು, ಅಮ್ಜದ್ ಹುಸೇನ್ ಪ್ಯಾರಾಚೂಟ್‌ನಲ್ಲಿ ಹಾರಿ ಬದುಕಿದರು. ದೇವಯ್ಯ ವಾಪಸ್ ಬರಲಿಲ್ಲ.

ಇದೆಲ್ಲ ಈಗ ನಮಗೆ ಗೊತ್ತಿರುವ ಸಂಗತಿ. ಅಂದು ಆದಂಪುರದಲ್ಲಿ ಇದು ಒಬ್ಬರಿಗೂ ಗೊತ್ತಿರಲಿಲ್ಲ. ಜೊತೆಗಿದ್ದ ಪೈಲಟ್‌ಗಳು ಮುಂದೆ ಬಂದಾಗಿತ್ತು. ಇಳಿದ ಮೇಲೆ ಎಣಿಸಿದಾಗ ಒಂದು ವಿಮಾನ ಕಡಿಮೆ, ಅಷ್ಟೇ. ದಾಖಲೆಯಲ್ಲಿ ಬರೆದದ್ದು ಕಾಣೆ ಎಂಬ ಒಂದು ಪದ. ಸತ್ತಿದ್ದಾರೋ, ಸೆರೆ ಸಿಕ್ಕಿದ್ದಾರೋ ಗೊತ್ತಿಲ್ಲ. ಮನೆಯಲ್ಲಿ ಹೆಂಡತಿ ಮಕ್ಕಳಿರುವವನ ಹೆಸರಿನ ಮುಂದೆ ಈ ಪದ ಇದ್ದರೆ ಆ ಮನೆಯವರು ಏನು ಮಾಡಬೇಕು, ಮಯ್ಯತ್ ಕಾಣದ ಮನೆಯವರಿಗೇ ಅದು ಗೊತ್ತು.

ಇದರ ಪಕ್ಕದಲ್ಲೇ ಇನ್ನೊಂದನ್ನು ಇಟ್ಟು ನೋಡಿ. ದೇವಯ್ಯ ಬಿದ್ದ ಮೂರು ದಿನಕ್ಕೆ, ಸೆಪ್ಟೆಂಬರ್ 10ರಂದು, ಖೇಮ್‌ಕರಣ್ ಕಡೆಯಲ್ಲಿ ಹವಾಲ್ದಾರ್ ಅಬ್ದುಲ್ ಹಮೀದ್ ಜೀಪಿನ ಮೇಲಿನ ಗನ್‌ನಿಂದ ಪಾಕಿಸ್ತಾನದ ಟ್ಯಾಂಕುಗಳನ್ನು ಒಂದೊಂದಾಗಿ ಹೊಡೆದು ಹುತಾತ್ಮರಾದರು. ಅವರ ಹೆಸರು ನಮ್ಮ ಮನೆಗಳಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಅವರಿಗೆ ಪರಮವೀರ ಚಕ್ರ ಘೋಷಣೆಯಾದದ್ದು ಸೆಪ್ಟೆಂಬರ್ 16ಕ್ಕೆ. ಆರೇ ದಿನ. ಹಮೀದ್ ಹೋರಾಡಿದ್ದು ತಮ್ಮ ಪಲ್ಟಣಿಯ ಕಣ್ಣ ಮುಂದೆ. ನೋಡಿದವರಿದ್ದರು, ಹೇಳುವವರಿದ್ದರು, ಬರೆಯುವ ಅಧಿಕಾರಿ ಇದ್ದರು. ದೇವಯ್ಯ ಹೋರಾಡಿದ್ದು ಶತ್ರುವಿನ ಆಕಾಶದಲ್ಲಿ ಒಬ್ಬರೇ. ಶೌರ್ಯ ಇಬ್ಬರದ್ದೂ ಶೌರ್ಯವೇ, ಆದರೆ ಒಬ್ಬರಿಗೆ ಸಾಕ್ಷಿ ಇತ್ತು, ಇನ್ನೊಬ್ಬರಿಗೆ ಇರಲಿಲ್ಲ.

ಶೌರ್ಯ ಪದಕದ ಲೆಕ್ಕಾಚಾರ ನಿಂತಿರುವುದೇ ಸಾಕ್ಷಿಯ ಮೇಲೆ. ಮೇಲಧಿಕಾರಿ ಶಿಫಾರಸು ಬರೆಯಬೇಕು, ಕಂಡವರು ಹೇಳಬೇಕು, ಅದು ಮೆಟ್ಟಿಲು ಹತ್ತಿ ದಿಲ್ಲಿ ತಲುಪಬೇಕು. ಷರೀಅತ್ತಿನ ಪಾಠ ಮಾಡುವ ನಮಗೆ ಸಾಕ್ಷಿ ಇಲ್ಲದೆ ತೀರ್ಪಿಲ್ಲ ಎಂಬುದು ಹೊಸ ಮಾತಲ್ಲ, ಆ ನಿಯಮ ತಪ್ಪು ಅಂತ ನಾವು ಹೇಳುವುದೂ ಇಲ್ಲ. ಆದರೆ ಸಾಕ್ಷಿ ಇಲ್ಲ ಅಂದ ಮಾತ್ರಕ್ಕೆ ಘಟನೆ ನಡೆದೇ ಇಲ್ಲ ಅಂತ ಆಗುವುದಿಲ್ಲವಲ್ಲ.

ಇಲ್ಲಿ ಸಾಕ್ಷಿ ಹೇಳಿದ್ದು ಯಾರು ಅಂತೀರಿ? ಎದುರು ಪಕ್ಷ. 1979ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕ 1965ರ ವಾಯುಯುದ್ಧದ ಬಗ್ಗೆ ಒಂದು ಪುಸ್ತಕ ಬರೆದ. ಪಾಕಿಸ್ತಾನ ವಾಯುಪಡೆಯ ನೆರವಿನಿಂದ ಬರೆದ ಪುಸ್ತಕ, ಅವರ ಗುಣಗಾನವೇ ಜಾಸ್ತಿ. ಅದರಲ್ಲೇ ಅಂದು ಒಂದು ಮಿಸ್ಟೇರ್ ಸ್ಟಾರ್‌ಫೈಟರ್ ಅನ್ನು ಹೊಡೆದು ಬೀಳಿಸಿತು ಎಂಬ ವಿಷಯ ಇತ್ತು. ಇಲ್ಲಿ ಅದನ್ನು ಓದಿದವರಿಗೆ ಅಚ್ಚರಿ. ವಾಪಸ್ ಬಂದ ಪೈಲಟ್‌ಗಳಲ್ಲಿ ಯಾರೂ ಅಂಥದ್ದನ್ನು ಮಾಡಿರಲಿಲ್ಲ. ಹಾಗಾದರೆ ಉಳಿದದ್ದು ವಾಪಸ್ ಬಾರದ ಒಬ್ಬರೇ. ಅಂದಿನ ದಾಳಿಯ ನಾಯಕ ತನೇಜ, ಏರ್ ಕಮಡೋರ್ ಪ್ರೀತಂ ಸಿಂಗ್ ಈ ವಿಷಯವನ್ನು ಬಿಡದೆ ಹಿಡಿದು ಮುಂದಕ್ಕೆ ಒಯ್ದರು. 1988ರಲ್ಲಿ ದೇವಯ್ಯನವರಿಗೆ ಮರಣೋತ್ತರ ಮಹಾವೀರ ಚಕ್ರ. ಪತ್ನಿ ಸುಂದರಿ ದೇವಯ್ಯ ಅದನ್ನು ಸ್ವೀಕರಿಸಿದರು. ಲೆಕ್ಕ ಹಾಕಿದರೆ ಇಪ್ಪತ್ಮೂರು ವರ್ಷ. ಪುಸ್ತಕ ಬಂದ ಮೇಲೂ ಒಂಬತ್ತು ವರ್ಷ ಹೋಯಿತು ಅನ್ನುವುದನ್ನು ಗಮನಿಸಿ.

ಅವರ ದೇಹವನ್ನು ಸರ್ಗೋಧಾ ಕಡೆಯ ಹಳ್ಳಿಯವರು ಕಂಡು ಹೊಲದಲ್ಲೇ ಮಣ್ಣು ಮಾಡಿದ್ದರು ಎಂಬುದೂ ಬಹಳ ವರ್ಷದ ಮೇಲೆ ತಿಳಿದ ಸಂಗತಿ. ಯಾರು, ಯಾವ ದೇಶದವರು ಅಂತ ಲೆಕ್ಕಿಸದೆ ಸತ್ತವನಿಗೆ ಮಣ್ಣು ಕೊಟ್ಟ ಆ ರೈತರ ಹೆಸರು ಎಲ್ಲೂ ದಾಖಲಾಗಿಲ್ಲ. ಅಮ್ಜದ್ ಹುಸೇನರ ಕಥೆ ಅಲ್ಲಿಗೆ ಮುಗಿಯಲಿಲ್ಲ. 1971ರ ಡಿಸೆಂಬರಿನಲ್ಲಿ ಅಮೃತಸರದ ಮೇಲೆ ದಾಳಿಗೆ ಬಂದಾಗ ಅವರ ವಿಮಾನವನ್ನು ನಮ್ಮವರು ನೆಲದಿಂದ ಹೊಡೆದು ಕೆಡವಿದರು. ದೇವಯ್ಯನವರ ಕೈಯಿಂದ ಪಾರಾದವರು ಈ ಸಲ ಭಾರತದ ಸೆರೆಯಾಳಾದರು.

ಸೆರೆಯ ವಿಷಯ ಬಂದರೆ ಕೊಡಗಿನವರದ್ದೇ ಇನ್ನೊಂದು ಕಥೆ ಇದೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮಗ ಫ್ಲೈಟ್ ಲೆಫ್ಟಿನೆಂಟ್ ಕೆ.ಸಿ. ನಂದಾ ಕಾರ್ಯಪ್ಪ 1965ರ ಸೆಪ್ಟೆಂಬರ್ 22ರಂದು, ಯುದ್ಧ ನಿಲ್ಲುವ ಹಿಂದಿನ ದಿನ, ಹಂಟರ್ ವಿಮಾನದೊಂದಿಗೆ ಪಾಕಿಸ್ತಾನದಲ್ಲಿ ಬಿದ್ದು ಸೆರೆಯಾದರು. ಅಧ್ಯಕ್ಷ ಅಯೂಬ್ ಖಾನ್ ವಿಭಜನೆಗೆ ಮೊದಲು ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದವರು. ಮಗನನ್ನು ಬಿಟ್ಟುಬಿಡುತ್ತೇವೆ ಅಂತ ಹೇಳಿ ಕಳಿಸಿದರು. ಕಾರ್ಯಪ್ಪ ಒಪ್ಪಲಿಲ್ಲ, ಸೆರೆಯಲ್ಲಿರುವ ಎಲ್ಲರೂ ನನ್ನ ಮಕ್ಕಳೇ, ಎಲ್ಲರನ್ನೂ ಒಂದೇ ಥರ ನೋಡಿಕೊಳ್ಳಿ ಎಂಬ ಅರ್ಥದ ಉತ್ತರ ಕೊಟ್ಟರು. ಅಯೂಬ್ ಖಾನರ ಬೇಗಂ ಮತ್ತು ಮಗ ಆಸ್ಪತ್ರೆಗೆ ಹೋಗಿ ನಂದಾ ಅವರಿಗೆ ಸಿಗರೇಟು, ಒಂದು ಕಾದಂಬರಿ ಕೊಟ್ಟು ಬಂದರು. ಸೆರೆಯಾಳನ್ನು ಹೇಗೆ ನೋಡಿಕೊಳ್ಳಬೇಕು ಅನ್ನುವುದನ್ನು ನಾವು ಮದ್ರಸದಲ್ಲಿ ಬದ್ರ್‌ನ ಪಾಠ ಮಾಡುವಾಗ ಹೇಳುತ್ತೇವೆ. ಯುದ್ಧದ ಮಧ್ಯೆಯೂ ಆ ಪಾಠ ಪೂರ್ತಿ ಮರೆತು ಹೋಗಿರಲಿಲ್ಲ ಅನ್ನೋಣ. 1966ರ ಜನವರಿಯಲ್ಲಿ ನಂದಾ ಬಿಡುಗಡೆಯಾದರು, ಮುಂದೆ ಏರ್ ಮಾರ್ಷಲ್ ಆದರು. (ಕಾರ್ಯಪ್ಪನವರ ಮಡಿಕೇರಿ ಮನೆಯ ಹೆಸರು ‘ರೋಶನಾರ’ ಅಂತ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?)

ಸೆರೆಯಲ್ಲಿ ತೋರಿದ ಧೈರ್ಯಕ್ಕೂ ಪದಕ ತಡವಾಗಿಯೇ ಬರುತ್ತದೆ. 1971ರ ಯುದ್ಧದಲ್ಲಿ ಸೆರೆಯಾದ ಫ್ಲೈಟ್ ಲೆಫ್ಟಿನೆಂಟ್ ದಿಲೀಪ್ ಪರೂಲ್ಕರ್ ಇಬ್ಬರು ಗೆಳೆಯರೊಂದಿಗೆ 1972ರ ಆಗಸ್ಟ್ 13ರ ರಾತ್ರಿ ರಾವಲ್ಪಿಂಡಿಯ ಶಿಬಿರದ ಗೋಡೆ ಕೊರೆದು ಹೊರಬಿದ್ದರು. ಪೇಶಾವರ ದಾಟಿ ಅಫ್ಘಾನಿಸ್ತಾನದ ಗಡಿಯ ಹತ್ತಿರ, ಇನ್ನು ಕೆಲವೇ ಮೈಲಿ ಇರುವಾಗ ಸಿಕ್ಕಿಬಿದ್ದರು. ಕಾರಣ ಕೇಳಿದರೆ ಅಯ್ಯೋ ಅನ್ನಿಸುತ್ತದೆ. ಲಂಡಿಖಾನಾ ರೈಲು ನಿಲ್ದಾಣಕ್ಕೆ ದಾರಿ ಯಾವುದು ಅಂತ ಕೇಳಿದರಂತೆ, ಆ ನಿಲ್ದಾಣ ಮುಚ್ಚಿದ್ದು 1932ರಲ್ಲೇ! ಅವರ ಹತ್ತಿರ ಇದ್ದದ್ದು ಹಳೇ ಭೂಪಟದ ತಿಳಿವಳಿಕೆ. ಆ ವರ್ಷದ ಡಿಸೆಂಬರ್ 1ಕ್ಕೆ ವಾಘಾ ಮೂಲಕ ಎಲ್ಲರೂ ವಾಪಸಾದರು. ಆ ಸಾಹಸಕ್ಕೆ ಪರೂಲ್ಕರ್ ಅವರಿಗೆ ವಿಶಿಷ್ಟ ಸೇವಾ ಪದಕ ಬಂದದ್ದು 1983ರಲ್ಲಿ.

ಎರಡನೇ ಮಹಾಯುದ್ಧದಲ್ಲಿ ಹಾಂಗ್‌ಕಾಂಗ್‌ನಲ್ಲಿ ಜಪಾನಿಯರಿಗೆ ಸೆರೆ ಸಿಕ್ಕಿದ ಹೈದರಾಬಾದಿನ ಕ್ಯಾಪ್ಟನ್ ಮತೀನ್ ಅಹ್ಮದ್ ಅನ್ಸಾರಿಯವರನ್ನೂ ಇಲ್ಲಿ ನೆನೆಯಬೇಕು. ಜಪಾನಿಯರು ಎಷ್ಟು ಹಿಂಸೆ ಕೊಟ್ಟರೂ ಬಾಯಿ ಬಿಡಲಿಲ್ಲ, 1943ರ ಅಕ್ಟೋಬರ್ 29ರಂದು ಅವರನ್ನು ಕೊಂದರು. ಯುದ್ಧ ಮುಗಿದ ಮೇಲೆ 1946ರಲ್ಲಿ ಜಾರ್ಜ್ ಕ್ರಾಸ್ ಬಂತು. ಸೆರೆಯಲ್ಲಿ ಜೊತೆಗಿದ್ದವರು ಬದುಕಿ ಬಂದು ಹೇಳಿದ್ದರಿಂದ ಅದಾಯಿತು.

ಅಮೆರಿಕದಲ್ಲಿ ಯುದ್ಧ ಕೈದಿಗಳಿಗೆ ಅಂತಲೇ 1985ರಲ್ಲಿ ಒಂದು ಪದಕ ಮಾಡಿದರು, ಮೊದಲ ಮಹಾಯುದ್ಧದ ಕಾಲದಲ್ಲಿ ಸೆರೆಯಾದವರಿಗೂ ಅದು ಸಲ್ಲುತ್ತದೆ. ಸೆರೆ ಸಿಕ್ಕುವುದು ನಾಚಿಕೆಯ ವಿಷಯ ಅಲ್ಲ ಅಂತ ಒಂದು ಸರಕಾರ ಒಪ್ಪಿಕೊಂಡ ಹಾಗೆ ಅದು. ನಮ್ಮಲ್ಲೂ ಅಂಥದ್ದೊಂದು ಇರಬೇಕು ಎಂಬುದು ನಮ್ಮ ಅಭಿಪ್ರಾಯ. ತಿಂಗಳುಗಟ್ಟಲೆ ಶತ್ರುವಿನ ಜೈಲಿನಲ್ಲಿ ಕೂತು ಬಂದವನು ಗುಂಡು ಹಾರಿಸಿದವನಿಗಿಂತ ಕಡಿಮೆ ಸೇವೆ ಮಾಡಿದ ಅಂತ ಹೇಳುವವರು ಒಂದು ವಾರ ಆ ಕೋಣೆಯಲ್ಲಿ ಇದ್ದು ಬರಲಿ.

ಈಗ ಆ ಹಿರಿಯರ ವಿಷಯ. ಚಿಕ್ಕಲಸಂದ್ರದಲ್ಲಿ ಮಗನ ಮನೆಯಲ್ಲಿರುವ, ಎಪ್ಪತ್ತು ದಾಟಿದ ಮಾಜಿ ಯೋಧ. 1971ರಲ್ಲಿ ಗಡಿಯಲ್ಲಿದ್ದವರು. ಸೆರೆಯಾದವರಲ್ಲ, ಆದರೆ ಅವರ ತುಕಡಿಯ ಕೆಲವರು ಸೆರೆಯಾಗಿದ್ದರು, ಅವರ ಮಾತೆಲ್ಲ ಆ ಗೆಳೆಯರ ಬಗ್ಗೆಯೇ. ತಮಗೂ ಯುದ್ಧದ ಪದಕ ಕೈಗೆ ಬಂದಿಲ್ಲ ಅಂತ ಮಾತಿನ ನಡುವೆ ಹೇಳಿದರು. ಬರೆದು ಕೇಳಿದ್ದೀರಾ ಕಾಕಾ ಅಂದರೆ, ಎರಡು ಸಲ ಬರೆದೆ, ಉತ್ತರ ಬರಲಿಲ್ಲ, ಆಮೇಲೆ ಬಿಟ್ಟೆ ಅಂದರು. ಯಾವ ಕಚೇರಿ ಅಂತ ಇಲ್ಲಿ ಬೇಡ. ಅವರಿಗೆ ಶೌರ್ಯ ಪದಕದ ಆಸೆ ಇಲ್ಲ. ಹೋಗಿದ್ದೆ ಅನ್ನುವುದಕ್ಕೆ ಸಿಗುವ ಪದಕ ಮೊಮ್ಮಕ್ಕಳಿಗೆ ತೋರಿಸಲು ಬೇಕು, ಅಷ್ಟೇ.

ಇಲ್ಲಿ ಓದುಗರು ಒಂದು ವ್ಯತ್ಯಾಸ ತಿಳಿದಿರಬೇಕು. ಮಹಾವೀರ ಚಕ್ರ, ವೀರ ಚಕ್ರದಂಥವು ಶಿಫಾರಸಿನಿಂದ ಬರುತ್ತವೆ, ಅರ್ಜಿ ಹಾಕಿ ಪಡೆಯುವಂಥದ್ದಲ್ಲ. ಯುದ್ಧದಲ್ಲಿ ಸೇವೆಯಲ್ಲಿದ್ದುದಕ್ಕೆ ಕೊಡುವ ಪದಕಗಳು ಬೇರೆ. 1965ರದ್ದಕ್ಕೆ ಸಮರ ಸೇವಾ ಸ್ಟಾರ್, ರಕ್ಷಾ ಪದಕ. 1971ರದ್ದಕ್ಕೆ ಪೂರ್ವಿ ಸ್ಟಾರ್, ಪಶ್ಚಿಮಿ ಸ್ಟಾರ್, ಸಂಗ್ರಾಮ್ ಪದಕ. ನಿಯಮದಲ್ಲಿ ಹೇಳಿದ ಜಾಗದಲ್ಲಿ, ಹೇಳಿದ ಅವಧಿಯಲ್ಲಿ ಸೇವೆಯಲ್ಲಿದ್ದವನಿಗೆ ಇವು ಹಕ್ಕಿನಿಂದ ಸಲ್ಲಬೇಕು, ಯಾರ ದಯೆಯೂ ಬೇಡ. ಬಂದಿಲ್ಲವೆಂದರೆ ಸೈನಿಕನ ರೆಜಿಮೆಂಟಿನ ರೆಕಾರ್ಡ್ಸ್ ಕಚೇರಿಗೆ ಬರೆಯಬೇಕು. ಬೆಂಗಳೂರಿನಲ್ಲೇ ಇರುವವರು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಮೂಲಕ ಹೋದರೆ ದಾರಿ ಸುಲಭ, ಊರಿನವರಿಗೆ ಮಂಗಳೂರಿನಲ್ಲಿ, ಮಡಿಕೇರಿಯಲ್ಲಿ ಕೇಳಬಹುದು.

ಬರೆಯುವಾಗ ಸರ್ವಿಸ್ ನಂಬರ್ ಮುಖ್ಯ, ಹೆಸರಲ್ಲ. ನಮ್ಮವರ ಹೆಸರಿನ ಗೋಳು ನಿಮಗೆ ಗೊತ್ತಲ್ಲ, ಮೊಹಿದ್ದೀನ್ ಒಂದು ಕಡೆ ಮೊಯ್ದಿನ್, ಇನ್ನೊಂದು ಕಡೆ ಮೈದೀನ್. ಅಬ್ದುಲ್ ಖಾದರ್ ಎಲ್ಲೋ ಅಬ್ದುಲ್ ಕಾದ್ರಿ. ಸೇರುವಾಗ ಕ್ಲಾರ್ಕು ಹೇಗೆ ಬರೆದನೋ ಹಾಗೆ. ಈಗಿನ ಆಧಾರ್ ಕಾರ್ಡಿನ ಹೆಸರಿಗೂ ಡಿಸ್ಚಾರ್ಜ್ ಪುಸ್ತಕದ ಹೆಸರಿಗೂ ಹೊಂದದಿದ್ದರೆ ಅದನ್ನು ಅರ್ಜಿಯಲ್ಲೇ ಬರೆದು ತಿಳಿಸಿ. ಡಿಸ್ಚಾರ್ಜ್ ಪುಸ್ತಕದಲ್ಲಿ ಪದಕಗಳ ಕಾಲಂ ಇರುತ್ತದೆ, ಅದನ್ನು ಓದಿ ನೋಡಿ. ಪದಕ ಮಂಜೂರಾಗಿದೆ ಅಂತ ಅಲ್ಲಿ ಬರೆದಿದ್ದು ಕೈಗೆ ಮಾತ್ರ ಬಾರದಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಮರ್ಹೂಮ್ ಆದವರ ಪರವಾಗಿ ಹೆಂಡತಿ ಮಕ್ಕಳೂ ಕೇಳಬಹುದು.

ನಮ್ಮ ಬ್ಯಾರಿ ಮನೆಗಳಿಂದ ಸೈನ್ಯಕ್ಕೆ ಹೋದವರೇ ಇಲ್ಲ ಅಂತ ಕೆಲವರು ಹೇಳುವುದುಂಟು, ನಮ್ಮವರೂ ಹೌದು ಅಂತ ತಲೆ ಅಲ್ಲಾಡಿಸುತ್ತಾರೆ. ಹೋದವರ ಹೆಸರನ್ನೇ ಬರೆದಿಡದೆ ಇಲ್ಲ ಅನ್ನುವುದು ಹೇಗೆ? ಅಜ್ಜನ ಕಾಲದ ಟ್ರಂಕಿನಲ್ಲಿ ಮಾಸಿದ ಫೋಟೋ, ಕಾಗದ, ರಿಬ್ಬನ್ನಿನ ತುಂಡು ಏನಿದ್ದರೂ ಎಸೆಯಬೇಡಿ.

ಹಿರಿಯರ ಡಿಸ್ಚಾರ್ಜ್ ಪುಸ್ತಕ ಈಗ ನಮ್ಮ ಮೇಜಿನ ಮೇಲಿದೆ. ಪದಕಗಳ ಕಾಲಂನಲ್ಲಿ ಸಂಗ್ರಾಮ್ ಪದಕದ ಹೆಸರು ಶಾಯಿ ಮಾಸಿದ್ದರೂ ಓದಲು ಬರುತ್ತದೆ. ಮೂರನೇ ಅರ್ಜಿಯನ್ನು ಬರೆದಿದ್ದೇವೆ, ಈ ವಾರ ಅಂಚೆಯಲ್ಲಿ ಹೋಗುತ್ತದೆ. ಇಂಥ ಕಾಗದ ನಿಮ್ಮ ಮನೆಯಲ್ಲೂ ಇದ್ದರೆ ಅಸರ್ ನಮಾಝಿನ ನಂತರ ತನ್ನಿ, ಕೂತು ಬರೆಯೋಣ.