ಅನ್ನ, ಮುದ್ದೆ ಬಿಟ್ಟು ಬರೀ ಮಾಂಸ ತಿಂದರೆ?

ತೂಕ ಇಳಿಸಬೇಕೆನ್ನುವವರಿಗೆ ಸಲಹೆ ನೀಡುವವರು ಬೇಕಾದಷ್ಟು ಮಂದಿ. ‘ಅನ್ನ, ಮುದ್ದೆ, ಚಪಾತಿ, ಬೇಳೆ, ಹಣ್ಣು ಎಲ್ಲ ಬಿಡಿ, ಮಾಂಸ, ಮೊಟ್ಟೆ, ಬೆಣ್ಣೆ ಹೊಟ್ಟೆತುಂಬ ತಿನ್ನಿ’ ಎಂಬುದು ಅಂಥ ಸಲಹೆಗಳಲ್ಲಿ ಒಂದು. ಪಾಲಿಸಿದವರ ತೂಕ ಮೊದಲ ವಾರದಲ್ಲೇ ಒಂದೆರಡು ಕಿಲೋ ಇಳಿಯುವುದೂ ಉಂಟು. ಆದರೆ ಹಾಗೆ ಇಳಿದದ್ದು ಏನು? ಅದಕ್ಕೆ ಶರೀರ ತೆರುವ ಬೆಲೆ ಎಷ್ಟು? ಊಟದ ತಟ್ಟೆ ಬದಲಿಸುವ ಮುನ್ನ ಇದನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಹಳೆಯದೊಂದು ಪ್ರಯೋಗ

ಮಾಂಸಾಹಾರವೊಂದೇ ಸಾಕು ಎನ್ನುವವರು ಸಾಮಾನ್ಯವಾಗಿ ಉತ್ತರ ಧ್ರುವ ಪ್ರದೇಶದ ಅನ್ವೇಷಕ ಸ್ಟೆಫಾನ್ಸನ್ ಅವರನ್ನು ಉದಾಹರಿಸುತ್ತಾರೆ. ಅಲ್ಲಿನ ಇನ್ಯುಇಟ್ ಜನರೊಡನೆ ಮೀನು, ಮಾಂಸ ತಿಂದೇ ವರ್ಷಗಳನ್ನು ಕಳೆದಿದ್ದಾಗಿ ಅವರು ಹೇಳುತ್ತಿದ್ದರು. ಇದನ್ನು ಪರೀಕ್ಷಿಸಲು 1928ರಲ್ಲಿ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯಲ್ಲಿ ಪ್ರಯೋಗ ಆರಂಭವಾಯಿತು. ಸ್ಟೆಫಾನ್ಸನ್ ಮತ್ತು ಅವರ ಸಂಗಾತಿ ಆಂಡರ್ಸನ್ ಒಂದು ವರ್ಷ ಕಾಲ ಮಾಂಸ ಮತ್ತು ಅದರ ಕೊಬ್ಬನ್ನೇ ತಿಂದರು. ವರ್ಷದ ಕೊನೆಯಲ್ಲಿ ಇಬ್ಬರೂ ಚಟುವಟಿಕೆಯಿಂದಿದ್ದರು. ರಕ್ತದೊತ್ತಡ ಏರಿರಲಿಲ್ಲ, ಮೂತ್ರಪಿಂಡಗಳಿಗೆ ಹಾನಿಯಾಗಿರಲಿಲ್ಲ. ಇಷ್ಟು ನಿಜ. ಆದರೆ ವೈದ್ಯರು ದಾಖಲಿಸಿದ್ದು ಇಷ್ಟೇ ಅಲ್ಲ.

ಮೊದಲು ಇಳಿಯುವುದು ನೀರು

ಮೊದಲ ವಾರ ಅವರ ತೂಕ ಇಳಿದದ್ದು ಶರೀರದ ನೀರು ಕಡಿಮೆಯಾದ್ದರಿಂದ ಎಂದು ವೈದ್ಯರು ಗುರುತಿಸಿದರು. ನಾವು ತಿಂದ ಪಿಷ್ಟದ ಒಂದು ಭಾಗ ಗ್ಲೈಕೊಜೆನ್ ರೂಪದಲ್ಲಿ ಶೇಖರವಾಗುತ್ತದೆ. ಪಿತ್ತಜನಕಾಂಗದಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400 ಗ್ರಾಂ. ಪ್ರತಿ ಗ್ರಾಂ ಗ್ಲೈಕೊಜೆನ್ ತನ್ನೊಡನೆ ಸುಮಾರು 3 ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಪಿಷ್ಟ ನಿಂತೊಡನೆ ಈ ಶೇಖರಣೆ ಕರಗಿ, ನೀರೂ ಉಪ್ಪಿನಂಶವೂ ಮೂತ್ರದಲ್ಲಿ ಹೋಗುತ್ತವೆ. ತಲೆನೋವು, ತಲೆಸುತ್ತು, ಮೀನಖಂಡದ ಸೆಳೆತ ಕಾಣಿಸಿಕೊಳ್ಳುವುದು ಇದರಿಂದಲೇ. ಮತ್ತೆ ಅನ್ನ ಉಂಡರೆ ಈ ತೂಕ ಮರಳುತ್ತದೆ.

ಸಕ್ಕರೆ ಬೇಡವೆಂದರೂ ಬಿಡದು

ನೀವು ಸಕ್ಕರೆ, ಪಿಷ್ಟ ಬಿಟ್ಟ ಮಾತ್ರಕ್ಕೆ ಶರೀರಕ್ಕೆ ಗ್ಲೂಕೋಸ್ ಬೇಡವಾಗುವುದಿಲ್ಲ. ಮಿದುಳಿಗೇ ದಿನಕ್ಕೆ ಸುಮಾರು 120 ಗ್ರಾಂ ಬೇಕು. ಅದು ಸಿಗದಾಗ ಪಿತ್ತಜನಕಾಂಗ ಕೊಬ್ಬಿನಿಂದ ಕೀಟೋನ್ ಎಂಬ ಬದಲಿ ಇಂಧನ ತಯಾರಿಸುತ್ತದೆ. ಉಳಿದ ಕೊರತೆಗೆ ಮುಖ್ಯವಾಗಿ ಸಸಾರಜನಕವನ್ನು ಒಡೆದು ಗ್ಲೂಕೋಸ್ ಮಾಡುತ್ತದೆ. ಆಗ ಉಳಿಯುವ ಸಾರಜನಕವನ್ನು ಯೂರಿಯಾ ಆಗಿಸಿ ಮೂತ್ರಪಿಂಡಗಳ ಮೂಲಕ ಹೊರಹಾಕಬೇಕು. ಈ ಕೆಲಸಕ್ಕೆ ಮಿತಿಯಿದೆ. ಸ್ಟೆಫಾನ್ಸನ್ ಅವರಿಗೆ ಆರಂಭದಲ್ಲಿ ಕೊಬ್ಬಿಲ್ಲದ ಮಾಂಸವನ್ನಷ್ಟೇ ಕೊಟ್ಟಾಗ ಎರಡು ಮೂರು ದಿನಗಳಲ್ಲೇ ಭೇದಿ ಶುರುವಾಗಿ ಅಸ್ವಸ್ಥರಾದರು. ಕೊಬ್ಬು ಸೇರಿಸಿದ ಮೇಲಷ್ಟೇ ಸುಧಾರಿಸಿಕೊಂಡರು. ಹೀಗಾಗಿ ಈ ಕ್ರಮದಲ್ಲಿ ಮಾಂಸಕ್ಕಿಂತ ಕೊಬ್ಬೇ ಮುಖ್ಯ ಆಹಾರವಾಗುತ್ತದೆ. ಕೆಟ್ಟ ಕೊಲೆಸ್ಟರಾಲ್ ಏರಲು ಇದು ದಾರಿ.

ಅವರ ಮೂತ್ರದ ಆಮ್ಲೀಯತೆ ಎರಡು ಮೂರು ಪಟ್ಟು ಹೆಚ್ಚಿತ್ತು, ಸುಣ್ಣದ ಅಂಶವೂ ಹೆಚ್ಚಾಗಿ ಹೋಗುತ್ತಿತ್ತು. ಮೂತ್ರಕೋಶದ ಕಲ್ಲಿಗೆ ಇವು ಅನುಕೂಲ ಪರಿಸ್ಥಿತಿ. ಮೂರ್ಛೆರೋಗದ ಕೆಲವು ಮಕ್ಕಳಿಗೆ 1921ರಿಂದಲೂ ಚಿಕಿತ್ಸೆಯಾಗಿ ಕೊಡುತ್ತಿರುವ ಕೀಟೋನ್ ಆಹಾರದಲ್ಲೂ ಕಲ್ಲುಗಳ ಬಗ್ಗೆ ವೈದ್ಯರು ಎಚ್ಚರ ವಹಿಸುತ್ತಾರೆ. ಮಾಂಸದಿಂದ ಯೂರಿಕ್ ಆಮ್ಲ ಹೆಚ್ಚುತ್ತದೆ, ಕೀಟೋನ್‌ಗಳು ಅದು ಹೊರಹೋಗದಂತೆ ತಡೆಯುತ್ತವೆ. ಗೌಟ್ ಇರುವವರ ಕೀಲುನೋವು ಉಲ್ಬಣಿಸಲು ಇಷ್ಟು ಸಾಕು.

ಇನ್ನೊಂದು ಕುತೂಹಲದ ಸಂಗತಿ. ವರ್ಷದ ಬಳಿಕ ಅವರಿಗೆ ಗ್ಲೂಕೋಸ್ ಕುಡಿಸಿ ಪರೀಕ್ಷಿಸಿದಾಗ, ಸಕ್ಕರೆಯನ್ನು ಅರಗಿಸಿಕೊಳ್ಳುವ ಶಕ್ತಿ ತಾತ್ಕಾಲಿಕವಾಗಿ ಕುಗ್ಗಿತ್ತು. ಬಹುದಿನ ಬಳಸದ ದಾರಿ ಹುಲ್ಲು ಬೆಳೆದು ಮುಚ್ಚಿದಂತೆ! ಈ ಪರೀಕ್ಷೆಗೆ ಮುನ್ನ ಮೂರು ದಿನ, ದಿನಕ್ಕೆ 150 ಗ್ರಾಂಗೆ ಕಡಿಮೆಯಿಲ್ಲದಂತೆ ಶರ್ಕರಪಿಷ್ಟ ಸೇವಿಸಿರಬೇಕೆಂಬ ನಿಯಮವಿರುವುದು ಇದಕ್ಕಾಗಿಯೇ. ಇಲ್ಲವಾದರೆ ಇಲ್ಲದ ಸಕ್ಕರೆ ಕಾಯಿಲೆ ವರದಿಯಲ್ಲಿ ಕಾಣಿಸಬಹುದು. ಗರ್ಭಿಣಿಯರು ಇದನ್ನು ಮುಖ್ಯವಾಗಿ ಗಮನಿಸಬೇಕು.

ಕರುಳಿನ ಮಾತು

ಮಾಂಸದಲ್ಲಿ ನಾರಿನಂಶವಿಲ್ಲ. ದೊಡ್ಡ ಕರುಳಿನ ಉಪಯುಕ್ತ ಸೂಕ್ಷ್ಮಜೀವಿಗಳು ನಾರನ್ನು ಹುಳಿಸಿ, ಕರುಳಿನ ಒಳಪದರಕ್ಕೆ ಆಹಾರವಾಗುವ ಆಮ್ಲಗಳನ್ನು ತಯಾರಿಸುತ್ತವೆ. ನಾರು ನಿಂತರೆ ಮಲಬದ್ಧತೆಯೊಂದೇ ತೊಂದರೆಯಲ್ಲ, ಈ ಪೋಷಣೆಯೂ ಕುಗ್ಗುತ್ತದೆ. ಸಂಸ್ಕರಿಸಿದ ಮಾಂಸ ಕರುಳಿನ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಘೋಷಿಸಿತು. ಕೆಂಪು ಮಾಂಸವನ್ನು ‘ಬಹುಶಃ ಕಾರಣ’ ಎಂಬ ಪಟ್ಟಿಗೆ ಸೇರಿಸಿತು. ಹೃದ್ರೋಗವಾಗಲಿ ಕ್ಯಾನ್ಸರ್ ಆಗಲಿ ಬೆಳೆಯಲು ದಶಕಗಳು ಬೇಕು. ಇಬ್ಬರ ಒಂದು ವರ್ಷದ ಆರೋಗ್ಯ ಇದಕ್ಕೆ ಉತ್ತರವಾಗಲಾರದು.

ಮಧುಮೇಹಿಗಳೇ, ಎಚ್ಚರ

ನಿಜವಾದ ಅಪಾಯವಿರುವುದು ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುತ್ತಿರುವವರಿಗೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆಯನ್ನು ಎಂದಿನಂತೆ ತೆಗೆದುಕೊಂಡು ಊಟದಿಂದ ಪಿಷ್ಟ ತೆಗೆದುಹಾಕಿದರೆ ರಕ್ತದ ಸಕ್ಕರೆ ದಿಢೀರನೆ ಕುಸಿದು ಪ್ರಜ್ಞೆ ತಪ್ಪಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳೊಡನೆ ಇನ್ನೊಂದು ಅಪಾಯ. ಕೀಟೋನ್‌ಗಳು ಮಿತಿಮೀರಿ ರಕ್ತ ಆಮ್ಲೀಯವಾಗಬಹುದು. ಆಗ ಸಕ್ಕರೆ ಪ್ರಮಾಣ ಅಷ್ಟೇನೂ ಹೆಚ್ಚಿರದೆ ಮೋಸಗೊಳಿಸುತ್ತದೆ. ವಾಂತಿ, ಹೊಟ್ಟೆನೋವು, ಏದುಸಿರು, ಅತಿಯಾದ ಸುಸ್ತು ಕಂಡರೆ ಗ್ಲೂಕೋಮೀಟರನ್ನು ನಂಬಿ ಕೂರದೆ ಆಸ್ಪತ್ರೆಗೆ ಧಾವಿಸಿ.

ಹಾಗೆಂದು ತಟ್ಟೆ ತುಂಬ ಬಿಳಿ ಅನ್ನ ಉಣ್ಣಿ ಎಂದು ಅರ್ಥವಲ್ಲ. ಸಕ್ಕರೆ, ಮೈದಾ, ಪಾಲಿಶ್ ಮಾಡಿದ ಅಕ್ಕಿ ಕಡಿಮೆ ಮಾಡುವುದು ನಮ್ಮಲ್ಲಿ ಬಹುಮಂದಿಗೆ ಹಿತವೇ. ಅನ್ನದ ಪ್ರಮಾಣ ತಗ್ಗಿಸಿ, ಆ ಜಾಗಕ್ಕೆ ಬೇಳೆಕಾಳು, ಸೊಪ್ಪು, ತರಕಾರಿ ಸೇರಿಸಿ. ಮಾಂಸ ತಿನ್ನುವವರು ಮೀನು, ಮೊಟ್ಟೆ, ಕೋಳಿಮಾಂಸವನ್ನು ಇವುಗಳ ಜೊತೆಗೇ ತಿನ್ನಲಿ. ಮೂತ್ರಪಿಂಡದ ತೊಂದರೆ, ಗೌಟ್, ಹೃದ್ರೋಗ ಇರುವವರು, ಗರ್ಭಿಣಿಯರು ಮತ್ತು ಮಧುಮೇಹಿಗಳು ವೈದ್ಯರನ್ನು ಕೇಳದೆ ಇಂಥ ಕಠಿಣ ಪಥ್ಯಕ್ಕೆ ಇಳಿಯಬಾರದು.