ಓಕ್ ಮರದ ಬೇರು ಹಿಡಿದು ಬಂದ ವಿಷ

ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಡೆಲ್ ಮಾಂಟೆ ಎಂಬ ದೊಡ್ಡ ಹೋಟೆಲ್ ಇತ್ತು. ಈಗ ಅಲ್ಲಿ ಅಮೆರಿಕದ ನೌಕಾಪಡೆಯ ಉನ್ನತ ಶಿಕ್ಷಣ ಸಂಸ್ಥೆಯಿದೆ. 1938ರಲ್ಲಿ ಆ ಹೋಟೆಲಿನ ತೋಟದಲ್ಲಿ ಒಂದು ಅಣಬೆ ಸಿಕ್ಕಿತು. ಹಸಿರು ಬೆರೆತ ಹಳದಿ ಕೊಡೆ, ಒಳಗೆ ಬಿಳಿ ಪದರ, ಕಾಂಡದ ಸುತ್ತ ಉಂಗುರ, ಬುಡದಲ್ಲಿ ಒಡೆದ ಮೊಟ್ಟೆಯಂಥ ಬಿಳಿ ಚೀಲ. ಯುರೋಪಿನವರು ಶತಮಾನಗಳಿಂದ ಹೆದರುತ್ತಿದ್ದ ಅಮಾನಿಟಾ ಫ್ಯಾಲಾಯ್ಡಿಸ್ ಅದು. ಬಳಕೆಯ ಹೆಸರು ಡೆತ್ ಕ್ಯಾಪ್.

ಯುರೋಪಿನದು ಇಲ್ಲಿಗೆ ಬಂದದ್ದು ಹೇಗೆ? ಈ ಅಣಬೆ ಒಂಟಿಯಾಗಿ ಬಾಳುವುದಿಲ್ಲ. ಮಣ್ಣಿನಡಿ ಹರಡುವ ಅದರ ನವಿರು ಎಳೆಗಳು ಮರದ ಬೇರಿಗೆ ಹೆಣೆದುಕೊಂಡು ನೀರು, ಖನಿಜಗಳನ್ನು ಒದಗಿಸುತ್ತವೆ. ಮರ ಸಕ್ಕರೆ ಕೊಡುತ್ತದೆ. ನೆರಳಿಗೆಂದು, ಅಂದಕ್ಕೆಂದು ಸಸಿಗಳನ್ನು ಬೇರಿನ ಮಣ್ಣಿನ ಸಮೇತ ಹಡಗಿಗೆ ಏರಿಸಿದಾಗ ಎಳೆಗಳೂ ಸಮುದ್ರ ದಾಟಿದವು. ಶಿಲೀಂಧ್ರ ವಿಜ್ಞಾನಿ ಆನ್ ಪ್ರಿಂಗಲ್ ಮತ್ತು ಸಂಗಡಿಗರು ಹಳೆಯ ದಾಖಲೆಗಳನ್ನೂ ವಂಶವಾಹಿಗಳನ್ನೂ ಕೂಡಿಸಿ ನೋಡಿ, ಪಶ್ಚಿಮ ಕರಾವಳಿಗೆ ಇದು ಹೊರಗಿನಿಂದ ಬಂದದ್ದೇ ಎಂದು 2009ರಲ್ಲಿ ತೋರಿಸಿದರು. ಬಂದದ್ದು ತೋಟದಲ್ಲೇ ನಿಲ್ಲಲಿಲ್ಲ. ಅಲ್ಲಿನ ನಾಡ ಓಕ್ ಮರಗಳ ಬೇರಿಗೂ ಹಬ್ಬಿ ಕಾಡು ಸೇರಿತು. ಆಸ್ಟ್ರೇಲಿಯಾದ ಮೆಲ್ಬರ್ನ್, ಕ್ಯಾನ್‌ಬೆರಾಗಳಲ್ಲಿಯೂ ಅದು ಏಳುವುದು ಹೆಚ್ಚಾಗಿ ಯುರೋಪಿನ ಓಕ್ ಮರಗಳ ಕೆಳಗೇ.

ಮರ ವಲಸೆ ಹೋದಂತೆ ಮನುಷ್ಯರೂ ಹೋದರು, ತಮ್ಮ ಊರಿನ ಕಣ್ಣನ್ನು ಹೊತ್ತುಕೊಂಡು. ಪೂರ್ವ ಏಷ್ಯಾದವರಿಗೆ ಭತ್ತದ ಹುಲ್ಲಿನ ಅಣಬೆ ಮನೆಯ ಅಡುಗೆ. ಎಳೆಯದಾಗಿರುವಾಗ ಅದೂ ಮೊಟ್ಟೆಯಂತೆಯೇ, ಡೆತ್ ಕ್ಯಾಪ್ ಕೂಡ ಹಾಗೆಯೇ. ಬಲಿತಾಗ ಹುಲ್ಲಿನ ಅಣಬೆಯ ಒಳಪದರ ನಸುಗೆಂಪಾಗುತ್ತದೆ, ಕಾಂಡಕ್ಕೆ ಉಂಗುರವಿರುವುದಿಲ್ಲ; ಆದರೆ ಮೊಗ್ಗನ್ನೇ ಕಿತ್ತರೆ ಆ ಗುರುತು ಎಲ್ಲಿಂದ ಸಿಗಬೇಕು? 2012ರ ಆರಂಭದಲ್ಲಿ ಕ್ಯಾನ್‌ಬೆರಾದಲ್ಲಿ ಡೆತ್ ಕ್ಯಾಪ್ ತಿಂದ ಇಬ್ಬರು ಸತ್ತರು. 2015ರಲ್ಲಿ ಜರ್ಮನಿಗೆ ಬಂದ ನಿರಾಶ್ರಿತರಲ್ಲಿ ಹಲವರು ಇದನ್ನು ತಿಂದು ಆಸ್ಪತ್ರೆ ಸೇರಿದಾಗ, ಹ್ಯಾನೋವರ್‌ನ ವೈದ್ಯಕೀಯ ವಿಶ್ವವಿದ್ಯಾಲಯ ಅರಬ್ಬಿ, ಕುರ್ದಿಶ್ ಭಾಷೆಗಳಲ್ಲೂ ಎಚ್ಚರಿಕೆಯ ಭಿತ್ತಿಪತ್ರ ಹೊರಡಿಸಿತು. ಇಂಥ ಸಾವುಗಳನ್ನು ಅಜ್ಞಾನ ಎಂದು ತಳ್ಳಿಹಾಕುವವರನ್ನು ನಾನು ಒಪ್ಪಲಾರೆ. ಅವರಿಗೆ ಅಣಬೆ ಗೊತ್ತಿತ್ತು, ಆ ನೆಲ ಗೊತ್ತಿರಲಿಲ್ಲ.

ನಮ್ಮ ಮಲೆನಾಡನ್ನೇ ನೋಡಿ. ಗುಡುಗು ಮಿಂಚಿನ ಮಳೆ ಬಿದ್ದ ಮಾರನೆಯ ಬೆಳಿಗ್ಗೆ ಅಣಬೆ ತಂದವರನ್ನು ಮನೆಯ ಹಿರಿಯರು ಮೊದಲು ಕೇಳುವುದು ‘ಎಲ್ಲಿ ಎದ್ದಿತ್ತು?’ ಎಂದು. ಹುತ್ತದ ಮೇಲಿನದು ಎಂದರೆ ಅರ್ಧ ನಂಬಿಕೆ ಬಂತು. ಗೆದ್ದಲು ತನ್ನ ಗೂಡಿನೊಳಗೆ ಸಾಕುವ ಶಿಲೀಂಧ್ರದ ಅಣಬೆ ಅದು. ಹುತ್ತವೇ ಅದರ ವಿಳಾಸ. ಕ್ಯಾಲಿಫೋರ್ನಿಯಾದ ಕೊಲ್ಲಿ ಪ್ರದೇಶದಲ್ಲಿ ನೆಲೆಸಿದ ಕನ್ನಡದ ಮನೆಗಳು ಎಷ್ಟೋ ಇವೆ. ಚಳಿಗಾಲದ ಮಳೆಗೆ ಅಲ್ಲಿನ ಓಕ್ ಮರದಡಿ ಏಳುವುದನ್ನು ಅಳೆಯಲು ಹುತ್ತದ ಲೆಕ್ಕ ನೆರವಿಗೆ ಬಾರದು.

ಡೆತ್ ಕ್ಯಾಪ್ ತಿಂದು ಬದುಕಿದವರು ರುಚಿಯಾಗಿತ್ತು ಎಂದೇ ಹೇಳಿದ್ದಾರೆ. ಬೇಯಿಸಿದರೂ ಒಣಗಿಸಿದರೂ ಅದರ ಅಮಾನಿಟಿನ್ ವಿಷ ಅಳಿಯುವುದಿಲ್ಲ. ಆರರಿಂದ ಹನ್ನೆರಡು ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು, ಏನೂ ಆಗುವುದಿಲ್ಲ. ಆಮೇಲೆ ವಾಂತಿ, ಭೇದಿ. ಅದು ತಗ್ಗಿ ರೋಗಿ ಚೇತರಿಸಿಕೊಂಡಂತೆ ಕಾಣುವ ದಿನವೇ ಅತ್ಯಂತ ಮೋಸದ್ದು. ಅಷ್ಟರಲ್ಲಿ ವಿಷವು ಯಕೃತ್ತಿನ ಜೀವಕೋಶಗಳಲ್ಲಿ ವಂಶವಾಹಿಯ ನಕಲು ತೆಗೆಯುವ ಕಿಣ್ವವನ್ನು ಕಟ್ಟಿಹಾಕಿರುತ್ತದೆ. ನಕಲಿಲ್ಲದೆ ಪ್ರೋಟೀನ್ ಇಲ್ಲ, ಕೋಶ ಸಾಯುತ್ತದೆ. ಪಿತ್ತರಸದೊಂದಿಗೆ ಕರುಳಿಗಿಳಿದ ವಿಷ ಮತ್ತೆ ರಕ್ತ ಸೇರಿ ಯಕೃತ್ತಿಗೇ ಮರಳುತ್ತದೆ.

2016ರ ಡಿಸೆಂಬರಿನಲ್ಲಿ ಉತ್ತರ ಕ್ಯಾಲಿಫೋರ್ನಿಯಾದ 14 ಮಂದಿ ಹೀಗೆ ವಿಷಕ್ಕೆ ಸಿಕ್ಕರು. ಎಲ್ಲರೂ ಬದುಕಿದರು, ಮೂವರಿಗೆ ಯಕೃತ್ತಿನ ಕಸಿ ಮಾಡಬೇಕಾಯಿತು. ಅವರಲ್ಲೊಂದು ಕುಟುಂಬ ತಿಂದದ್ದು ಬೇರೊಬ್ಬರು ಕಿತ್ತು ಕೊಟ್ಟ ಅಣಬೆ. ಅದೇ ಊಟದಲ್ಲಿ 18 ತಿಂಗಳ ಹೆಣ್ಣುಮಗುವೂ ಪಾಲು ಪಡೆದಿತ್ತು. ಮಗು ಉಳಿಯಿತು, ಮಿದುಳಿಗೆ ಆದ ಹಾನಿಯೂ ಉಳಿಯಿತು.