ಆಚಾರವೂ ಗೀಳೂ: ವರ್ತನಚಿಕಿತ್ಸೆಯ ಕ್ರಮವನ್ನು ಕುರಿತು

ನಂಜನಗೂಡಿನಲ್ಲಿ ಕಪಿಲಾ ನದಿಯ ಸ್ನಾನಘಟ್ಟದ ಬಳಿ ಬೆಳಗಿನ ಹೊತ್ತು ನಿಂತು ನೋಡಿದವರಿಗೆ ಯಾತ್ರಿಕರು ಮುಳುಗಿ ಏಳುವುದೂ, ಮುಡಿ ಕೊಡುವುದೂ, ಒದ್ದೆ ಬಟ್ಟೆಯಲ್ಲಿಯೇ ಉರುಳುಸೇವೆಗೆ ಹೊರಡುವುದೂ ಪರಿಚಿತವಾದ ನೋಟ. ಶ್ರೀಕಂಠೇಶ್ವರನಿಗೆ ರೋಗಹರನೆಂಬ ಖ್ಯಾತಿ ಬಹುಕಾಲದಿಂದ ಉಂಟು. ತನ್ನ ಆನೆಯ ಕಣ್ಣಿನ ಬೇನೆ ವಾಸಿಯಾದುದರಿಂದ ಟೀಪೂ ಸುಲ್ತಾನನು ಈ ದೇವರನ್ನು ‘ಹಕೀಂ ನಂಜುಂಡ’ನೆಂದು ಕರೆದು ಪಚ್ಚೆಯ ಲಿಂಗವನ್ನು ಅರ್ಪಿಸಿದನೆಂಬ ಐತಿಹ್ಯವನ್ನು ಈ ಸೀಮೆಯಲ್ಲಿ ಕೇಳದವರು ವಿರಳ. ಅಲ್ಲಿಂದ ಮುಂದೆ ಹರಿದ ಕಪಿಲೆಯು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. ಅಲ್ಲಿಯೂ ಸಂಗಮಸ್ನಾನವೇ ಪ್ರಧಾನ. ೧೯೮೯ರಲ್ಲಿ ಅಲ್ಲಿ ಕುಂಭಮೇಳವೂ ಆರಂಭವಾಯಿತು.

ಸ್ನಾನ, ಪ್ರದಕ್ಷಿಣೆ, ಜಪ, ಮಡಿ ಇವು ಗೌರವದ ಗುರುತುಗಳಾಗಿರುವ ಇಂಥ ಊರುಗಳಲ್ಲಿ, ಕೈ ತೊಳೆಯುವುದನ್ನು ನಿಲ್ಲಿಸಲಾರದೆ ದಿನಕ್ಕೆ ಮೂರು ಗಂಟೆ ಬಚ್ಚಲಿನಲ್ಲಿ ಕಳೆಯುವ ರೋಗಿಯೊಬ್ಬರು ‘ಬಹಳ ಮಡಿವಂತರು’ ಎನ್ನಿಸಿಕೊಂಡೇ ವರ್ಷಗಟ್ಟಲೆ ಬಾಳಬಹುದು. ಆಚಾರವಾವುದು, ರೋಗವಾವುದು, ರೋಗವೆಂದು ತಿಳಿದ ಮೇಲೆ ಚಿಕಿತ್ಸಕರು ಮಾಡುವುದೇನು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ. ಇದನ್ನು ಬರೆಯುತ್ತಿರುವವನು ಇತಿಹಾಸದ ಅಧ್ಯಾಪಕನೇ ಹೊರತು ವೈದ್ಯನಲ್ಲ. ದೇವಾಲಯಗಳ ಸೇವಾಪದ್ಧತಿಯನ್ನು ಅಭ್ಯಸಿಸುವಾಗ ಎದುರಾದ ಪ್ರಶ್ನೆಯೇ ಈ ಕಡೆಗೆ ಕರೆದು ತಂದಿತು.

ಬೇಡವೆಂದರೂ ಮನಸ್ಸಿಗೆ ಮತ್ತೆ ಮತ್ತೆ ನುಗ್ಗಿ ಕಳವಳವನ್ನುಂಟುಮಾಡುವ ಆಲೋಚನೆ ಒಂದು. ಆ ಕಳವಳವನ್ನು ಅಡಗಿಸುವುದಕ್ಕಾಗಿ ಮಾಡಲೇಬೇಕೆನ್ನಿಸುವ ಕ್ರಿಯೆ ಇನ್ನೊಂದು. ಇವೆರಡೂ ಸೇರಿ ದಿನದ ಹೊತ್ತನ್ನು ತಿಂದು ಬಾಳನ್ನು ಕೆಡಿಸಿದಾಗ ಅದನ್ನು ಗೀಳುರೋಗವೆನ್ನುತ್ತಾರೆ. ೨೦೧೫–೧೬ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಇದರ ಪ್ರಮಾಣ ಶೇಕಡ ೦.೮ರಷ್ಟು ಕಂಡುಬಂದಿತು. ತೊಳೆಯುವುದೊಂದೇ ಇದರ ರೂಪವೆಂದು ಭಾವಿಸಬಾರದು. ಬೀಗ ಹಾಕಿದೆನೇ ಇಲ್ಲವೇ ಎಂದು ಹತ್ತು ಸಲ ಹಿಂತಿರುಗುವವರುಂಟು. ಗರ್ಭಗುಡಿಯ ಎದುರಿನಲ್ಲಿ ಕೈಮುಗಿದು ನಿಂತಾಗಲೇ ದೇವರನ್ನು ನಿಂದಿಸುವ ಮಾತು ಮನಸ್ಸಿನಲ್ಲಿ ಮೂಡಿ, ಅದಕ್ಕೆ ಪರಿಹಾರವೆಂದು ಗಂಟೆಗಟ್ಟಲೆ ಜಪಿಸುವ ಆಸ್ತಿಕರುಂಟು. ಇವರ ಸಂಕಟವೇ ಅತ್ಯಂತ ಗುಪ್ತವಾದುದು; ಪಾಪಿಯೆನ್ನಿಸಿಕೊಳ್ಳುವ ಭಯದಿಂದ ಹೆಂಡತಿ ಮಕ್ಕಳಿಗೂ ಹೇಳರು. ಅಂಥ ಆಲೋಚನೆ ಬಂದುಹೋಗುವುದು ಯಾರಿಗಾದರೂ ಉಂಟೆಂಬುದೂ, ಅದು ಭಕ್ತಿಯ ಕೊರತೆಯಲ್ಲವೆಂಬುದೂ ಚಿಕಿತ್ಸಕರು ಮೊದಲು ತಿಳಿಸುವ ಸಂಗತಿ.

ರೋಗವು ಬೆಳೆಯುವ ಬಗೆ ವಿಚಿತ್ರವಾದರೂ ಸರಳ. ತೊಳೆದೊಡನೆ ಕಳವಳ ಇಳಿಯುತ್ತದೆ. ಇಳಿದುದರಿಂದಲೇ ತೊಳೆಯುವ ಅಭ್ಯಾಸ ಬಲಿಯುತ್ತದೆ. ತೊಳೆಯದಿದ್ದರೆ ಏನೂ ಆಗುತ್ತಿರಲಿಲ್ಲವೆಂಬುದನ್ನು ಮನಸ್ಸು ಕಲಿಯುವ ಅವಕಾಶವೇ ತಪ್ಪಿಹೋಗುತ್ತದೆ. ನನ್ನ ಸೋದರತ್ತೆಯೊಬ್ಬರು ಅಂಗಡಿಯಿಂದ ಬಂದ ಚಿಲ್ಲರೆ ಕಾಸನ್ನೂ ತೊಳೆಯದೆ ಮುಟ್ಟುತ್ತಿರಲಿಲ್ಲ. ಅವರ ಕೈಮೇಲೆ ಚೊಂಬಿನಿಂದ ನೀರು ಹೊಯ್ಯುವ ಕೆಲಸ ಬಾಲ್ಯದಲ್ಲಿ ನನ್ನದಾಗಿತ್ತು. “ಎಲ್ಲಾ ಕಡೆ ಬಿತ್ತೇನೋ?” ಎಂದು ಕೇಳುವರು, “ಬಿತ್ತು ಅತ್ತೆ” ಎನ್ನುವೆನು, ಮರುಕ್ಷಣದಲ್ಲಿ ಅದೇ ಪ್ರಶ್ನೆ. ಮನೆಯವರೆಲ್ಲ ಅದನ್ನು ಸೇವೆಯೆಂದೇ ತಿಳಿದಿದ್ದೆವು. ನಮ್ಮ ಒಂದೊಂದು ಭರವಸೆಯೂ ಒಂದೊಂದು ಚೊಂಬು ನೀರಿನಂತೆಯೇ ರೋಗವನ್ನು ಪೋಷಿಸುತ್ತಿತ್ತೆಂಬುದು ನನಗೆ ತಿಳಿದದ್ದು ಅವರು ತೀರಿಕೊಂಡು ಬಹಳ ವರ್ಷಗಳಾದ ಮೇಲೆ.

ಬಹುಕಾಲ ಈ ರೋಗಕ್ಕೆ ಮಾತಿನ ವಿಶ್ಲೇಷಣೆಯೇ ಮದ್ದೆಂದು ನಂಬಿದ್ದರು, ಫಲ ಅತ್ಯಲ್ಪವಾಗಿತ್ತು. ೧೯೫೮ರಲ್ಲಿ ಜೋಸೆಫ್ ವೋಲ್ಪೆ ಎಂಬಾತನು ಭಯದ ವಸ್ತುವನ್ನು ಸ್ವಲ್ಪಸ್ವಲ್ಪವಾಗಿ ಎದುರಿಸುವ ಕ್ರಮವನ್ನು ಗ್ರಂಥರೂಪದಲ್ಲಿ ಪ್ರತಿಪಾದಿಸಿದನು. ೧೯೬೬ರಲ್ಲಿ ಲಂಡನ್ನಿನ ವಿಕ್ಟರ್ ಮೇಯರನು ಗೀಳಿನಿಂದ ನರಳುತ್ತಿದ್ದ ಇಬ್ಬರು ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದನು. ತೊಳೆಯುವ ಗೀಳಿನ ರೋಗಿಯ ಕೋಣೆಯ ನಲ್ಲಿಯನ್ನು ನಿಲ್ಲಿಸಿ, ದಾದಿಯರ ಕಾವಲಿನಲ್ಲಿ, ಹೇಸುತ್ತಿದ್ದ ವಸ್ತುಗಳನ್ನು ಮುಟ್ಟಿಸಿ, ತೊಳೆಯದೆ ಇರುವಂತೆ ನೋಡಿಕೊಂಡುದೇ ಆ ಚಿಕಿತ್ಸೆಯ ಸಾರ. ಎದುರಿಸುವುದು, ಆದರೆ ಪರಿಹಾರಕ್ರಿಯೆಯನ್ನು ತಡೆಯುವುದು: ಈ ಎರಡು ಅಂಗಗಳು ಇಂದಿಗೂ ಉಳಿದಿವೆ. ಬಲವಂತ ಮಾತ್ರ ಹೋಗಿದೆ. ಇಂದು ನಲ್ಲಿಯನ್ನು ನಿಲ್ಲಿಸುವವರು ರೋಗಿಯೇ.

ಕ್ರಮವನ್ನು ಒಂದು ಕಲ್ಪಿತ ನಿದರ್ಶನದಿಂದ ವಿವರಿಸಬಹುದು. ನರಸೀಪುರದ ಗೃಹಿಣಿಯೊಬ್ಬರು ಮೈಲಿಗೆಯ ಭಯದಿಂದ ಬಸ್ಸು ಹತ್ತುವುದನ್ನೇ ಬಿಟ್ಟಿದ್ದಾರೆಂದು ಇಟ್ಟುಕೊಳ್ಳೋಣ. ಮೊದಲ ಕೆಲವು ಭೇಟಿಗಳು ಪಟ್ಟಿ ಮಾಡುವುದರಲ್ಲಿಯೇ ಕಳೆಯುತ್ತವೆ: ಯಾವುದು ಎಷ್ಟು ಭಯ, ಸೊನ್ನೆಯಿಂದ ನೂರರವರೆಗೆ ಅಂಕ ಹಾಕಿ. ಹೊಸ್ತಿಲ ಹೊರಗಿನ ಚಪ್ಪಲಿಯನ್ನು ಮುಟ್ಟುವುದಕ್ಕೆ ಮೂವತ್ತು, ಬಸ್ಸಿನ ಸೀಟಿಗೆ ಅರವತ್ತು, ಅದೇ ಸೀರೆಯಲ್ಲಿ ಬಂದು ಅಡುಗೆಮನೆ ಹೊಗುವುದಕ್ಕೆ ತೊಂಬತ್ತು. ಅನಂತರ ಕೆಳಗಿನ ಮೆಟ್ಟಿಲಿನಿಂದ ಆರಂಭ. ಚಪ್ಪಲಿಯನ್ನು ಚಿಕಿತ್ಸಕರೇ ಮೊದಲು ಮುಟ್ಟುತ್ತಾರೆ. ಆಮೇಲೆ ಆಕೆ ಮುಟ್ಟಿ, ತೊಳೆಯದೆ ಕುಳಿತಿರುತ್ತಾರೆ. ಕಳವಳ ಏರುತ್ತದೆ, ನಿಲ್ಲುತ್ತದೆ, ಅನೇಕ ವೇಳೆ ತಾನಾಗಿ ಇಳಿಯುತ್ತದೆ. ಇಳಿಯದಿದ್ದರೂ, ನಿರೀಕ್ಷಿಸಿದ ಅನಾಹುತ ಸಂಭವಿಸಲಿಲ್ಲವೆಂಬ ತಿಳಿವಳಿಕೆಯೇ ಮುಖ್ಯವೆಂದು ಈಚಿನ ವಿದ್ವಾಂಸರ ಮತ. “ಏನೂ ಆಗುವುದಿಲ್ಲ, ಬಿಡಿ” ಎಂಬ ಮಾತನ್ನು ಚಿಕಿತ್ಸಕರು ಆಡುವುದಿಲ್ಲ. ಆಡಿದರೆ ನನ್ನ ಚೊಂಬಿನ ಕೆಲಸವನ್ನೇ ಅವರೂ ಮಾಡಿದಂತಾದೀತು. ವಾರಕ್ಕೊಂದರಂತೆ ಹನ್ನೆರಡರಿಂದ ಇಪ್ಪತ್ತು ಭೇಟಿಗಳು ಸಾಮಾನ್ಯ. ನಡುವಣ ದಿನಗಳಲ್ಲಿ ಮನೆಯ ಅಭ್ಯಾಸವೇ ಬಹುಪಾಲು ಚಿಕಿತ್ಸೆ. ಪೂರ್ತಿಯಾಗಿ ನಡೆಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಗಣನೀಯವಾದ ಉಪಶಮನ ದೊರೆಯುತ್ತದೆ. ನಡುವೆ ಬಿಟ್ಟುಹೋಗುವವರೂ ಕಡಮೆಯಿಲ್ಲ. ರೋಗ ತೀವ್ರವಾಗಿದ್ದರೆ ಸೆರೊಟೊನಿನ್ ಸಂಬಂಧವಾದ ಔಷಧಗಳನ್ನು ವೈದ್ಯರು ಜೊತೆಗೆ ಕೊಡುತ್ತಾರೆ. ಹಠಾತ್ತನೆ ಎದೆ ಬಡಿದು ಸತ್ತೇಹೋಗುವೆನೆಂದು ಬೆದರುವ ಆತಂಕರೋಗಿಗೂ ತತ್ತ್ವ ಇದೇ: ಮೆಟ್ಟಿಲನ್ನು ಓಡಿ ಹತ್ತಿಸಿ, ಎದೆಬಡಿತವು ಎದೆಬಡಿತವಷ್ಟೇ ಎಂಬುದನ್ನು ಅನುಭವಕ್ಕೆ ತರುತ್ತಾರೆ.

ಹಾಗಾದರೆ ಮಡಿಯನ್ನೇ ಮುರಿಯಬೇಕೆ? ಇತಿಹಾಸದ ವಿದ್ಯಾರ್ಥಿಗೆ ಇಲ್ಲಿ ಹೇಳತಕ್ಕದ್ದು ಸ್ವಲ್ಪವುಂಟು. ನಮ್ಮ ಆಚಾರಗಳೆಲ್ಲಕ್ಕೂ ಅಳತೆಯುಂಟು. ಸಂಕಲ್ಪದಿಂದ ತೊಡಗಿದ ಕರ್ಮ ಸಮರ್ಪಣೆಯಲ್ಲಿ ಮುಗಿಯುತ್ತದೆ. ಸೂತಕಕ್ಕೆ ದಿನಗಳ ಲೆಕ್ಕವುಂಟು. ಗ್ರಹಣ ಬಿಟ್ಟ ಮೇಲೆ ಸ್ನಾನ ಮಾಡಿದರೆ ಅಲ್ಲಿಗೆ ತೀರಿತು. ಪ್ರಾಯಶ್ಚಿತ್ತ ಮಾಡಿಕೊಂಡವನು ಶುದ್ಧನೇ. ಗೀಳು ಈ ಮುಕ್ತಾಯವನ್ನೇ ಒಪ್ಪುವುದಿಲ್ಲ. ಮೂರು ಸಲ ಎಂದು ಪದ್ಧತಿ ಹೇಳಿದರೆ ಮೂವತ್ತಾದರೂ ಸಾಲದು. ಆದುದರಿಂದ ಮಡಿಯನ್ನು ಹಾಸ್ಯಮಾಡುವ ಚಿಕಿತ್ಸಕರು ತಪ್ಪು ಮಾಡುತ್ತಾರೆಂದೇ ನನ್ನ ಅಭಿಪ್ರಾಯ. ರೋಗಿ ಎರಡನೆಯ ಸಲ ಬಾರರು. ನಿಮ್ಮ ಮನೆಯ ಹಿರಿಯರು ಎಷ್ಟು ಸಲ ತೊಳೆಯುತ್ತಿದ್ದರು ಎಂದು ಕೇಳಿ, ಪುರೋಹಿತರನ್ನೇ ಒಮ್ಮೆ ವಿಚಾರಿಸಿ, ಆ ಅಳತೆಯನ್ನೇ ಎಲ್ಲೆಯಾಗಿ ಇಟ್ಟುಕೊಳ್ಳುವವರು ಸಂಪ್ರದಾಯವನ್ನು ರೋಗದ ಕೈಯಿಂದ ಬಿಡಿಸಿಕೊಂಡಂತಾಗುತ್ತದೆ. ಒಮ್ಮೆ ಎಂಬುದು ಇಲ್ಲಿ ಮುಖ್ಯ. ಪುರೋಹಿತರನ್ನು ದಿನವೂ ಕೇಳತೊಡಗಿದರೆ ಅದೂ ಗೀಳೇ.

ಈ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ೧೯೨೪ರಲ್ಲಿಯೇ ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರ ವಿಭಾಗವನ್ನು ಆರಂಭಿಸಿದರು. ೧೯೫೪ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಮರುವರ್ಷವೇ ಚಿಕಿತ್ಸಾ ಮನಶ್ಶಾಸ್ತ್ರದ ಶಿಕ್ಷಣವನ್ನು ತೊಡಗಿತು. ೧೯೭೪ರಲ್ಲಿ ಅದೇ ನಿಮ್ಹಾನ್ಸ್ ಆಯಿತು. ಗೀಳುರೋಗಕ್ಕೆಂದೇ ಅಲ್ಲಿ ಪ್ರತ್ಯೇಕ ಚಿಕಿತ್ಸಾಲಯವುಂಟು. ಆದರೆ ವಾರವಾರವೂ ಒಂದು ಗಂಟೆ ಎದುರಿಗೆ ಕುಳಿತು ಮೆಟ್ಟಿಲು ಹತ್ತಿಸುವ ತರಬೇತಾದ ಚಿಕಿತ್ಸಕರು ತಾಲ್ಲೂಕುಗಳಲ್ಲಿ ದೊರೆಯುವುದು ದುರ್ಲಭ. ನಂಜನಗೂಡಿನವರೂ ನರಸೀಪುರದವರೂ ಇದಕ್ಕಾಗಿ ಮೈಸೂರಿಗೆ ಹೋಗಬೇಕಾಗುತ್ತದೆ. ಬಸ್ಸಿನ ಸೀಟೇ ಭಯವಾಗಿರುವವರಿಗೆ ಆ ಪ್ರಯಾಣವೇ ತೊಂಬತ್ತರ ಮೆಟ್ಟಿಲು. ೨೦೨೨ರ ಅಕ್ಟೋಬರಿನಿಂದ ನಡೆಯುತ್ತಿರುವ ಟೆಲಿ ಮಾನಸ್ ಎಂಬ ಸರ್ಕಾರದ ದೂರವಾಣಿ ಸೇವೆಗೆ ೧೪೪೧೬ ಸಂಖ್ಯೆಯಲ್ಲಿ ಮನೆಯಿಂದಲೇ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು.